ಒಂದು ಚದರ ಮೀಟರು

ನನ್ನ ಕೆಲಸ ಗೂಟ ಹಿಡಿಯುವುದು.
ನಾಲ್ಕು ಗೂಟ, ನಾಲ್ಕು ಮೀಟರು ದಾರ,
ದಿನಕ್ಕೆ ನಾನೂರೈವತ್ತು, ಊಟ ನಮ್ಮದೇ.

ಮೈದನಹಳ್ಳಿಯ ಬಯಲು. ಪಹಣಿಯಲ್ಲಿ ಬೀಳು,
ಇಲಾಖೆಯ ಬೋರ್ಡಿನಲ್ಲಿ ಕೃಷ್ಣಮೃಗ,
ಮಧುಗಿರಿ ಬಸ್ಸಿನ ಕಂಡಕ್ಟರ ಬಾಯಲ್ಲಿ
"ಅಲ್ಲೇನೈತೆ ಇಳಿಯಾಕೆ?"

ಹಸ್ತೆ ಮಳೆ ಎರಡು ದಿನ ಹುಯ್ದು ಹೋಗಿತ್ತು.
ನುಸ್ರತ್ ಮೇಡಂ ಮೊಣಕಾಲೂರಿ ಕೂತರು.
ಮುಳ್ಳಿದೆ ಅಂದೆ, ಕೇಳಲಿಲ್ಲ.
"ಬರ್ಕೊ," ಅಂದರು.

ತುಂಬೆ, ಏಳು.
ಒಂದರ ಬಟ್ಟಲಲ್ಲಿ ಇರುವೆ, ತಲೆ ಕೆಳಗೆ, ಕಾಲು ಮೇಲೆ.
ವಿಷ್ಣುಕ್ರಾಂತಿ, ಮೂರು:
ಶಾಯಿ ತೊಟ್ಟಿಕ್ಕಿ ಆರದೆ ಉಳಿದ ಹಾಗೆ.
ಅಣ್ಣೆ ಒಂದೇ, ತುದಿಗಷ್ಟು ಬಣ್ಣ ಹಚ್ಚಿಕೊಂಡು.
ನೆಗ್ಗಿಲು, ಮೇಲೆ ಅರಿಶಿನ, ಕೆಳಗೆ ಜಗಳ.
ಕರಡದ ಬುಡ ಹನ್ನೊಂದು.
ಗರಿಕೆಯನ್ನು ಎಣಿಸುವುದು ಹೇಗೆ?
ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರು?
ಮೇಡಂ ಪೆನ್ಸಿಲು ಕಚ್ಚಿ ಯೋಚಿಸಿ
"ಶೇಕಡಾ ಹನ್ನೆರಡು" ಅಂದರು.

ದಾರದ ಮೇಲೇ ನಿಂತ ಉತ್ತರಾಣಿ
ಒಳಗಿನದೋ ಹೊರಗಿನದೋ
ಎಂಬ ತಕರಾರಿಗೆ ಕಾಲು ಗಂಟೆ ಹಿಡಿಯಿತು.
ನಮ್ಮ ಅಣ್ಣತಮ್ಮಂದಿರ ಬದುವಿಗೆ
ಹದಿನಾಲ್ಕು ವರ್ಷ ಹಿಡಿದಿದೆ, ಅದು ಬೇರೆ ಮಾತು.

ಮೂಲೆಯಲ್ಲಿ ಇನ್ನೊಂದಿತ್ತು, ಹತ್ತೊಂಬತ್ತನೆಯದು.
ನೆಲಕ್ಕೆ ಕೆನ್ನೆ ಒತ್ತಿದರೆ ಮಾತ್ರ ಕಾಣುವ
ಸಾಸಿವೆಯಷ್ಟು ನೇರಳೆ,
ನಟ್ಟ ನಡುವೆ ಸೂಜಿ ಚುಚ್ಚಿದಂಥ ಬಿಳಿ.
ಪುಸ್ತಕದಲ್ಲಿ ಇಲ್ಲ. ಫೋನಿಗೆ ಸಿಗ್ನಲ್ಲಿಲ್ಲ.
ಅಜ್ಜಿ ನನ್ನ ತಲೆಗೆ ತುಂಬಿದ ಹೆಸರುಗಳಲ್ಲೂ ಇಲ್ಲ.

ವಾಚರು ಊಟಕ್ಕೆ ಹೋದ ಹೊತ್ತು ನೋಡಿ
ಆಡು ಹೊಡಕೊಂಡು ಬಂದಿದ್ದಳು ಗೊಲ್ಲರಹಟ್ಟಿಯ ಕ್ಯಾತಮ್ಮ.
ಕೂಗಿದೆ. ಮೊದಲು ಹೆದರಿದಳು, ಆಮೇಲೆ ಬಂದಳು.
ಬಗ್ಗಿ, ಎಲೆ ಚಿವುಟಿ, ಮೂಸಿ, ನಾಲಗೆಗಿಟ್ಟು, ಉಗಿದು,
"ಆಡು ತಿಂತವೆ. ಹೆಸರಿಲ್ಲ.
ನಾವು ಅದನ್ನ ಕೂಗಲ್ಲ, ಅದು ನಮ್ಮನ್ನ ಕೂಗಲ್ಲ.
ಕೂಗಾಕಲ್ವಾ ಹೆಸರು?"

ನಾವಿಬ್ಬರೂ ಅವಳ ಮುಖ ನೋಡುತ್ತಿರುವಾಗ
ಬಿಳಿ ಕಿವಿಯ ಮರಿಯೊಂದು
ದಾರ ದಾಟಿ ಒಳಗೆ ಬಂದು
ಹತ್ತೊಂಬತ್ತನ್ನು ಮೇಯ್ದು ಬಾಯಾಡಿಸುತ್ತ ನಿಂತಿತು,
ಸುತ್ತಲೂ ಏಳು ತುಂಬೆ
ಒಂದೂ ಅಲುಗದ ಹಾಗೆ.

ಕ್ಯಾತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.
ಮೇಡಂ ಬೈಯಲಿಲ್ಲ. ನಗಲೂ ಇಲ್ಲ.
ರಿಜಿಸ್ಟರು ಕೇಳಿ ಈಸಿಕೊಂಡು
ಹತ್ತೊಂಬತ್ತರ ಮುಂದೆ, ಹೆಸರಿನ ಕಾಲಂನಲ್ಲಿ,
ತಮ್ಮ ಕೈಯಾರೆ ಬರೆದರು:
ಇತ್ತು.

ಗೂಟ ಕಿತ್ತೆ, ದಾರ ಸುತ್ತಿದೆ.
ಸಂಜೆ ಬಸ್ಸಿಗೆಂದು ಹೊರಟವನು
ಎಲ್ಲಿ ಕಾಲಿಡಲಿ, ಎಲ್ಲಿ ಕಾಲಿಡಲಿ ಎಂದು
ನೆಲ ನೋಡುತ್ತ ನಡೆದು ನಡೆದು
ಬಸ್ಸು ತಪ್ಪಿಸಿಕೊಂಡೆ.