ಕಿವಿಯಲ್ಲಿ ಸದ್ದು: ಹೌದು / ಇಲ್ಲ

ಯಾವ ಬಾಟಲಿಯಲ್ಲಿ ಔಷಧ, ಯಾವುದರಲ್ಲಿ ಬರೀ ಹಿಟ್ಟು
ನನಗೂ ತಿಳಿಯದು. ಅದೇ ಕರಾರು.
ಪೋರ್ಟ್ ಆಫ್ ಸ್ಪೇನಿನ ಈ ಎರಡನೇ ಮಹಡಿಯಲ್ಲಿ
ನನ್ನ ಕೆಲಸ ರಕ್ತ ತೆಗೆಯುವುದು, ಉಳಿದ ಮಾತ್ರೆ ಎಣಿಸುವುದು,
ಕೇಳಿದ್ದಕ್ಕೆ ಬಂದ ಉತ್ತರ ಬರೆದುಕೊಳ್ಳುವುದು.

ಲಾವೆಂಟೀಲ್ ಗುಡ್ಡದಿಂದ ಇಳಿದು ಬರುತ್ತಾನೆ ಗಿಟ್ಟೆನ್ಸ್,
ಅರವತ್ತೆಂಟು, ಎಡಗಾಲಿಗೆ ಅಗಲ ಚಪ್ಪಲಿ.
ಎಣ್ಣೆಯ ಪೀಪಾಯಿ ಬಡಿದು ಸ್ವರ ಎಬ್ಬಿಸುವವನು.
ಗುಡ್ಡದ ಅರ್ಧ ಪ್ಯಾನುಗಳು
ಇವನ ಸುತ್ತಿಗೆಯ ಕೆಳಗೇ ಬಾಯಿಬಿಟ್ಟವು.

"ಉರಿಯೂತ ಅಂದರೇನು, ನರ್ಸ್?"
ಸಮ್ಮತಿ ಪತ್ರದ ಮೇಲೆ ಪೆನ್ನು ನಿಲ್ಲಿಸಿ ಕೇಳಿದ್ದ ಮೊದಲ ದಿನ.
ಹೊಟ್ಟೆಯ ಕೊಬ್ಬಿನೊಳಗೆ ಹೊಗೆಯಿಲ್ಲದ ಬೆಂಕಿ, ಅಂದೆ.
ಅದು ಉರಿದಷ್ಟೂ ಇನ್ಸುಲಿನ್ ತಟ್ಟಿದ ಬಾಗಿಲು ತೆರೆಯದು,
ಸಕ್ಕರೆ ರಕ್ತದಲ್ಲೇ ಅಲೆಯುತ್ತದೆ,
ಕಣ್ಣಿನ ಎಳೆ, ಮೂತ್ರಪಿಂಡದ ಜರಡಿ, ಪಾದದ ನರ,
ಹೋದಲ್ಲೆಲ್ಲ ಅಂಟು.
ಈ ಮಾತ್ರೆ ಹಳೆಯದು, ಕೀಲುನೋವಿಗೆ ಕೊಡುತ್ತಿದ್ದದ್ದು,
ವಿಲ್ಲೋ ತೊಗಟೆಯ ದೂರದ ಮರಿಮಗ.
ಬೆಂಕಿ ತಗ್ಗಿಸಿದರೆ ಸಕ್ಕರೆ ಇಳಿದೀತೇ? ಅದೇ ನಮ್ಮ ಪ್ರಶ್ನೆ.

ಅವನು ನಕ್ಕ. "ಬೆಂಕಿಯ ಪಾಠ ನನಗಾ?
ಪೀಪಾಯಿ ಕುಳಿ ಮಾಡಿ, ಗೆರೆ ಹೊಡೆದು, ಟೈರು ಉರಿಸಿ ಮೇಲಿಡ್ತೀನಿ.
ಕಾವು ಸಾಲದಿದ್ದರೆ ಸ್ವರ ನಿಲ್ಲೋದಿಲ್ಲ.
ಒಂದು ಸಿಗರೇಟು ಸೇದುವಷ್ಟು ಹೊತ್ತು ಹೆಚ್ಚಾಯಿತೋ
ಉಕ್ಕು ಸತ್ತುಹೋಗುತ್ತೆ. ಆಮೇಲೆ ಎಷ್ಟು ಬಡಿದರೂ
ಡಬ್ಬ. ಬರೀ ಡಬ್ಬ."

ನನ್ನಜ್ಜಿ ಕರೋನಿಯ ಕಬ್ಬಿನ ಗದ್ದೆಯವಳು.
ಕಟಾವಿಗೆ ಮುನ್ನ ಗದ್ದೆಗೆ ಬೆಂಕಿಯಿಡುತ್ತಿದ್ದರಂತೆ,
ಒಣಹಾಕಿದ ಬಟ್ಟೆಯ ಮೇಲೆಲ್ಲ ಕರಿ ಬೂದಿ.
ಸಿಹಿಗೆ ಮುಂಚೆ ಸುಟ್ಟ ವಾಸನೆ ಬರುತ್ತೆ, ಎನ್ನುತ್ತಿದ್ದಳು,
ಒಂದೇ ಕಾಲಿನವಳು, ಮೂರು ವರ್ಷ, ಮಂಚದಿಂದಲೇ.
ಇದನ್ನು ಅವನಿಗೆ ಹೇಳಲಿಲ್ಲ.

ದಿನಕ್ಕೆ ಏಳು ಮಾತ್ರೆ. ಎಂಟನೇ ವಾರ
ನಮೂನೆ ಓದುತ್ತ ಹೋದೆ: ಹೊಟ್ಟೆನೋವು? ಇಲ್ಲ. ತಲೆಸುತ್ತು? ಇಲ್ಲ.
ಕಿವಿಯಲ್ಲಿ ಸದ್ದು?
ಕಿಟಕಿಯ ಕಡೆ ತಲೆ ವಾಲಿಸಿದ, ಬೀದಿಯಿಂದ ಯಾರೋ ಕರೆದಂತೆ.
"ಮೇಲಿನ ಎಫ್ ಶಾರ್ಪ್," ಅಂದ, "ಕೂದಲೆಳೆಯಷ್ಟು ಏರಿದೆ.
ಎರಡೂ ಕಿವಿ. ಎಡಗಡೆಯದು ಇನ್ನೂ ಕೊಂಚ ಬಿಗಿ."

ನಮೂನೆಯಲ್ಲಿದ್ದದ್ದು ಎರಡೇ ಚೌಕ.
ಹೌದು ಎಂಬಲ್ಲಿ ಗುರುತು ಹಾಕಿದೆ, ಹಾಕುವಾಗಲೇ ತಿಳಿಯಿತು
ತಿಳಿಯಬಾರದಿದ್ದದ್ದು:
ಹಿಟ್ಟು ಹೀಗೆ ಹಾಡುವುದಿಲ್ಲ.
ನಾನು ತಲೆ ಎತ್ತದಿದ್ದುದರಿಂದ
ಅವನಿಗೂ ತಿಳಿಯಿತು.

ಸಕ್ಕರೆ ಇಳಿದದ್ದು ನಿಜ. ಹೆಚ್ಚಲ್ಲ, ಅರ್ಧ ಅಂಕ,
ಮೂರು ತಿಂಗಳ ಸರಾಸರಿ ಎಂಟೂವರೆಯಿದ್ದದ್ದು ಎಂಟು.
ಪಾದದ ಹುಣ್ಣಿನ ಅಂಚು ಒಣಗುತ್ತಿತ್ತು,
ಮಾತ್ರೆಯಿಂದಲೋ, ಚಪ್ಪಲಿಯಿಂದಲೋ,
ಮಗಳು ಎವಡ್ನಿ ಮನೆಯ ಕೋಲಾ ಬಾಟಲಿಗಳನ್ನೆಲ್ಲ
ಚರಂಡಿಗೆ ಸುರಿದದ್ದರಿಂದಲೋ.

ಜನವರಿ ಬಂತು. ಕಾರ್ನಿವಲ್ಲಿಗೆ ಐದು ವಾರ.
ಗುಡ್ಡದ ಮೇಲೆ ರಾತ್ರಿಯಿಡೀ ಅಭ್ಯಾಸ, ನೂರು ಜನ,
ಒಂದು ಸ್ವರವೂ ಹಾದಿ ತಪ್ಪಕೂಡದು.
ಬಾಟಲಿ ಮಗುಚಿ ಎಣಿಸಿದೆ.
ಇರಬೇಕಾದದ್ದು ಹದಿನಾಲ್ಕು, ಇದ್ದದ್ದು ನೂರಹನ್ನೆರಡು.
"ಎರಡು ವಾರ," ಅಂದ. "ಕಿವಿ ಬೇಕಿತ್ತು, ನರ್ಸ್.
ಕಾಲು ಕಾಯುತ್ತೆ ಅಂದ್ಕೊಂಡೆ."

ಕಾಲು ಕಾದಿತ್ತು ನಿಜ:
ಮುಟ್ಟಿದರೆ ಹುಣ್ಣಿನ ಸುತ್ತ ಬಿಸಿ.

ಪಟ್ಟಿ ಕಟ್ಟುವಾಗ ತಾನಾಗಿಯೇ ಹೇಳಿದ:
"ಮನೆಯಲ್ಲೊಂದು ಹಳೆ ಪ್ಯಾನು, ಬ್ಯಾಂಡಿಗೆ ಬೇಡವಾದದ್ದು.
ಅದರ ಎಫ್ ಶಾರ್ಪನ್ನು ಕೂದಲೆಳೆ ಏರಿಸಿಟ್ಟಿದ್ದೀನಿ.
ಬಡಿದರೆ ಒಳಗಿನದೂ ಹೊರಗಿನದೂ ಕೂಡಿಕೊಂಡು
ಎರಡು ಉಸಿರು ಹೊತ್ತು
ಏನೂ ಕೇಳಿಸೋದಿಲ್ಲ. ಮಾತ್ರೆ ನುಂಗಿ ಅದನ್ನೇ ಬಡೀತಾ ಕೂರಬಹುದು."

ತಪ್ಪಿದ ಮಾತ್ರೆಗೆ ಕಾರಣ: ಮರೆವು, ಅಸ್ವಸ್ಥತೆ, ಇತರೆ.
ಇತರೆ, ಎಂದು ಗುರುತಿಸಿದೆ.
ಹೊಸ ಬಾಟಲಿ ಅವನ ಅಂಗಿಯ ಜೇಬಿನಲ್ಲಿ
ಗಲಗಲ ಎನ್ನುತ್ತ ಇಳಿಯಿತು,
ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು.