ಮೊದಲು ಕಬ್ಬಿಣ ಮುಟ್ಟು

ಮೊಂಟಾನಾದ ಹ್ಯಾವರ್ ಊರಿನ ಜನವರಿಗೆ ಹನಿ ತೇವವಿಲ್ಲ.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ,
ಒಳಗೆ ಹೀಟರು ಗಾಳಿಯ ಕೊನೆಯ ಪಸೆಯನ್ನೂ ನೆಕ್ಕಿಬಿಟ್ಟಿದೆ.
ಪ್ರೊಜೆಕ್ಟರ್ ಕೋಣೆಯಲ್ಲಿ
ಊಟದ ಮೇಜಿಗಿಂತ ಅಗಲದ ತಟ್ಟೆ ತಿರುಗುತ್ತದೆ,
ಅದರ ಮೇಲೆ ಸುತ್ತುಸುತ್ತಾಗಿ ಎರಡು ಗಂಟೆ ಹತ್ತು ನಿಮಿಷ.

ಒಳಸುತ್ತು ಹೊರಡಬೇಕು; ಪಕ್ಕದ್ದು ಬಿಡುವುದಿಲ್ಲ.
ಮೈಗೆ ಮೈ ಅಂಟಿಸಿಕೊಂಡು ಎರಡೂ ಒಟ್ಟಿಗೇ ಏಳುತ್ತವೆ,
ನಡುವಿನ ಉರುಳೆಗೆ ಕೊರಳುಸುತ್ತು ಬಿದ್ದು
ಟಕ್ ಅಂತ ನಿಲ್ಲುತ್ತದೆ.
ಕೆಳಗೆ ಕತ್ತಲಲ್ಲಿ ಹದಿನೇಳು ಜನ,
ಶಿಳ್ಳೆ ಒಂದು.

ಆರ್ಲೋ ಟ್ವೈಟೆನ್ ನನ್ನನ್ನು ಬೈಯಲಿಲ್ಲ.
ಬೈದದ್ದು ಸ್ವೆಟರನ್ನು:
"ಉಣ್ಣೆ ತೊಟ್ಟವರಿಗೆ ಇಲ್ಲಿ ಕೆಲಸವಿಲ್ಲ, ಲೊರೇನ್."
ಕೆಟಲಿನ ಮುಚ್ಚಳ ತೆಗೆದು ಕುದಿಯಲು ಬಿಟ್ಟ,
ಒದ್ದೆ ಟವೆಲನ್ನು ಕುರ್ಚಿಗೆ ಹೊದಿಸಿದ,
ತಟ್ಟೆಯ ಕಾಲಿನಿಂದ ನೀರಿನ ಪೈಪಿಗೆ
ತಾಮ್ರದ ತಂತಿ ಎಳೆದು ಬಿಗಿದ,
ತಂಟೆಯ ಕರುವನ್ನು ಗೂಟಕ್ಕೆ ಕಟ್ಟುವ ಹಾಗೆ.
ಆಮೇಲೆ ಹೇಳಿದ್ದು ಇಷ್ಟೇ:
"ಮೊದಲು ಕಬ್ಬಿಣ ಮುಟ್ಟು, ಆಮೇಲೆ ರೀಲು."

ಚಿಟಕ್ಕೆಂದಿತು ಕಿಡಿ. ನೀಲಿ, ಸಾಸಿವೆಯಷ್ಟು.

ಹಬೆ ಕಿಂಡಿಯ ಗಾಜಿಗೆ ಹತ್ತಿ
ಪರದೆಯ ಮೇಲೆ ಅಂದು ಯಾರದೋ ಬೇಸಿಗೆ
ಮಂಜಿನಲ್ಲೇ ನಡೆಯಿತು. ಯಾರೂ ದೂರಲಿಲ್ಲ.

ಆ ತಟ್ಟೆ ಗುಜರಿಗೆ ಹೋಗಿ ವರ್ಷಗಳಾದವು.
ಸಿನಿಮಾ ಈಗ ಪೆಟ್ಟಿಗೆಯಲ್ಲಿ ಬರುತ್ತದೆ, ಊಟದ ಡಬ್ಬಿಯಷ್ಟು,
ಅಂಟುವುದಕ್ಕೆ ಅದರಲ್ಲಿ ಏನೂ ಇಲ್ಲ.
ನನಗೆ ಮಾತ್ರ ರೂಢಿ ಬಿಟ್ಟಿಲ್ಲ:
ಬೆಕ್ಕನ್ನು ಎತ್ತುವ ಮುಂಚೆ ನಲ್ಲಿ,
ಮೊಮ್ಮಗಳ ಕೆನ್ನೆಗೆ ಮುಂಚೆ ಬಾಗಿಲ ಚಿಲಕ.

ನಿನ್ನೆ ಆಸ್ಪತ್ರೆಯಲ್ಲೂ ಹೀಟರು.
ಮಂಚದ ಸರಳು ಮುಟ್ಟಿದೆ,
ಆಮೇಲೆ ಅವನ ಕೈ.
ಕಣ್ಣು ತೆರೆಯದೆ ಕೇಳಿದ:
"ಉಣ್ಣೆಯೋ, ಹತ್ತಿಯೋ?"