ಹದಿನಾಲ್ಕು

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನ ಮೂರನೇ ಗೋದಾಮಿನಲ್ಲಿ
ದೇಶಕ್ಕೊಂದು ನಂಬರು.
ಬ್ರೆಜಿಲ್ ಎರಡು, ಕೊಲಂಬಿಯಾ ಮೂರು,
ನಾವು ಹದಿನಾಲ್ಕು.
ಹೇಳಿಕೊಟ್ಟವರು ದಸ್ತಗೀರ್ ಸಾಬರು,
ತಗಡಿನ ಅಚ್ಚಿಟ್ಟು
ಗೋಣಿಯ ಬೆನ್ನಿಗೆ ಕಪ್ಪು ಮಸಿ ಒತ್ತುವವರು.
ಶಾಲೆ ಕಂಡದ್ದು ಎರಡೇ ವರ್ಷ.
ದೇಶ ಕೇಳಿದರೆ ಅಂಕಿ ಹೇಳುವರು,
ತುಟಿಯ ಬೀಡಿ ತೆಗೆಯದೆ.

ತೂಕದ ಚೀಟಿ ಬರೆಯಲು ಸೇರಿದ ಹೊಸತು ನನಗೆ.
ಯಾರು ಕೊಟ್ಟದ್ದು ಈ ನಂಬರು, ಕೇಳಿದೆ.
‘ಲಂಡನ್ನಿನಲ್ಲಿ ಒಂದು ಆಫೀಸಿದೆಯಂತಮ್ಮ,
ಅರವತ್ತಮೂರರಲ್ಲಿ ಬಾಗಿಲು ತೆರೆದದ್ದು.
ಬೆಳೆಯುವವರೂ ಕುಡಿಯುವವರೂ
ಒಂದೇ ಮೇಜಿಗೆ ಕೂರುತ್ತಾರೆ.
ನಿನಗಿಷ್ಟು ಮೂಟೆ, ನನಗಿಷ್ಟು ಮೂಟೆ.
ವಲೀಮಾದ ಊಟದಲ್ಲಿ
ಹಿರಿಯರೊಬ್ಬರು ಸೌಟು ಹಿಡಿದು ನಿಂತ ಹಾಗೆ.
ಮೊದಲ ಸಾಲಿನವರೇ ಹಂಡೆ ಬಳಿದುಬಿಟ್ಟರೆ?’

ಹಾಗಾದರೆ ಬೆಟ್ಟದ ಬಾಬಾ
ಸೊಂಟಕ್ಕೆ ಕಟ್ಟಿ ತಂದ ಏಳು ಬೀಜಕ್ಕೆ
ಯಾವ ನಂಬರಿತ್ತು ಸಾಬರೇ?
ಕೆಮ್ಮು ಬರುವಷ್ಟು ನಕ್ಕರು.
‘ಅದು ಕೋಟಾ ಹೊರಗಿನದು.’

ಕೋಟಾ ಹೊರಗೂ ಒಂದು ಲೋಕವಿತ್ತು.
ಎಡಗೋಡೆಗೆ ಮೇಜಿನವರ ಮೂಟೆ,
ಬಲಗೋಡೆಗೆ ರಷ್ಯಾದ ಮೂಟೆ.
ಒಂದೇ ಗಿಡದ ಅವಳಿಗಳಿಗೆ ಎರಡು ದರ.
ಇದು ಸರಿಯೇ ಎಂದು ನಾನು ಯಾರನ್ನೂ ಕೇಳಲಿಲ್ಲ,
ಚೀಟಿ ಬರೆದೆ.

ಬ್ರೆಜಿಲಿನಲ್ಲಿ ಹಿಮ ಬಿದ್ದು
ತೋಟಕ್ಕೆ ತೋಟವೇ ಸುಟ್ಟುಹೋಯಿತೆಂದು
ಎಪ್ಪತ್ತೈದರಲ್ಲಿ ಸುದ್ದಿ ಬಂತು.
ದರ ಏರಿತು. ಎಂ.ಜಿ. ರಸ್ತೆಯಲ್ಲಿ
ಹೊಸ ಜಾವಾ ಮೋಟಾರ್‌ಸೈಕಲ್ಲುಗಳು ಗುಡುಗಿದವು.
ಮ್ಯಾನೇಜರು ಲಾಡು ಹಂಚಿದರು.
ಆರಿಸುವ ಹೆಂಗಸರ ಸಾಲಿನಲ್ಲಿ ಪುಟ್ಟಲಿಂಗಮ್ಮ
ಲಾಡು ಸೆರಗಿಗೆ ಕಟ್ಟಿಕೊಂಡು,
ಕಪ್ಪು ಬೀಜ ಆಚೆ ಎಸೆಯುತ್ತ ಎಸೆಯುತ್ತ ಕೇಳಿದಳು:
‘ಅಲ್ಲವ್ವಾ, ಆ ಊರಿನ ಹೆಂಗಸ್ರು
ಈ ವರ್ಷ ಏನು ಆರಿಸ್ತಾರೆ?’

ಆ ಮೇಜಿನ ಮೇಲೆ ಈ ಪ್ರಶ್ನೆ ಬಂದಿತ್ತೋ ಇಲ್ಲವೋ.
ನನ್ನ ಚೀಟಿಯಲ್ಲಂತೂ ಅದಕ್ಕೆ ಕಲಮು ಇರಲಿಲ್ಲ.

ಎಂಬತ್ತೊಂಬತ್ತರ ಜುಲೈ.
ಮೇಜಿನವರು ಜಗಳವಾಡಿ ಎದ್ದರು.
ಕೋಟಾ ಹೋಯಿತು. ಯಾರು ಬೇಕಾದರೂ
ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು.
ಕೆಲವೇ ತಿಂಗಳು, ಹೊರದೇಶದ ದರ ಅರ್ಧಕ್ಕಿಳಿಯಿತು.
ಹಂಡೆ ಬಳಿಯುವ ಸದ್ದು ನನಗೆ
ತಕ್ಕಡಿಯ ಹತ್ತಿರವೇ ಕೇಳುತ್ತಿತ್ತು.
ಸಾಬರು ಬ್ರಷ್ಷು ಹಿಡಿದು ಆಫೀಸಿಗೆ ಬಂದರು:
‘ಇನ್ನು ನಂಬರು ಹಾಕಬೇಕೋ, ಬೇಡವೋ?’
ಮ್ಯಾನೇಜರು ಸುತ್ತೋಲೆ ಎರಡು ಸಲ ಓದಿದರು.
ಆಫೀಸು ಇದೆ, ಎಂದರು. ಬೆಲೆ ಕಾಯುವುದಿಲ್ಲ,
ಎಣಿಸುತ್ತದೆ. ಹಾಕಿ.

ಸಾಬರು ಹಾಕಿದರು.
‘ಹಂಚಲಾರದವರು ಲೆಕ್ಕವನ್ನಾದರೂ ಇಡಲಿ’
ಎಂದದ್ದು ಮೆಚ್ಚಿಗೆಯೋ ಬೈಗುಳವೋ
ಈಗಲೂ ತಿಳಿಯದು.
ಆಮೇಲೆ ವಿಯೆಟ್ನಾಂ ದೊಡ್ಡದಾಗಿ ಬಂತು.
ಅದರ ನಂಬರು ನೂರಾ ನಲವತ್ತೈದು,
ಅದನ್ನು ಸಾಬರಿಗೆ ಹೇಳಿದವಳು ನಾನು.

ಅಚ್ಚು ಕತ್ತರಿಸುವುದನ್ನೂ ಕಲಿಸಿದ್ದರು.
ಸೊನ್ನೆ, ಒಂದು, ನಾಲ್ಕು.
‘ಒಂದಕ್ಕೆ ಚಿಂತೆಯಿಲ್ಲ.
ಸೊನ್ನೆಗೆ ಮಾತ್ರ ಮೇಲೊಂದು ಕೆಳಗೊಂದು
ಸಣ್ಣ ಪಟ್ಟಿ ಬಿಡಬೇಕು ಮಗಳೇ.
ಅಂದಕ್ಕೆ ಅಡ್ಡ ಅಂತ ಅದನ್ನು ಕತ್ತರಿಸಿದರೆ
ನಡುವಿನ ತಗಡು ಬಿದ್ದುಹೋಗುತ್ತದೆ.’

ಅವರ ಕೊನೆಯ ವರ್ಷ ಒಂದು ಪಟ್ಟಿ ಮುರಿಯಿತು.
ಗೋಣಿ ಹೊಲಿಯುವ ದಾರದಿಂದ ಕಟ್ಟಿದರು.
ಇನ್ನೂರ ಎಪ್ಪತ್ತು ಮೂಟೆಯ ಸೊನ್ನೆ
ಸ್ವಲ್ಪ ಸೊಟ್ಟಗೆ ಬಿದ್ದು, ಲಾರಿಯೇರಿ,
ಮಂಗಳೂರಿನಲ್ಲಿ ಹಡಗು ಹತ್ತಿತು.

ಯಾರೂ ವಾಪಸು ಕಳಿಸಲಿಲ್ಲ.